ಬ್ರೇನ್ ಹ್ಯಾಮರೇಜ್ ಆದ ಮೇಲೆ ಪ್ರಯಾಣ ಮಾಡಿದರೆ ದಿನಗಟ್ಟಲೆ ಸುಸ್ತು, ಹೇಗೆ ನಿಭಾಯಿಸುವುದು?

ನಿಮ್ಮ ಪ್ರಶ್ನೆಯ ಸಾರಾಂಶ ಇಷ್ಟು: ಹ್ಯಾಮರೇಜ್ ಆಗಿ ಆರು ತಿಂಗಳಾಗಿದೆ, ನಡೆದಾಟ, ಮಾತು ಎಲ್ಲ ಸುಮಾರಾಗಿ ಸರಿಹೋಗಿದೆ. ಆದರೆ ಕಾರಿನಲ್ಲಿ ಹೋಗಿಬರುವುದೆಲ್ಲ ಸೇರಿ ಎರಡು ಗಂಟೆಯಾದರೂ ಎರಡು ದಿನ ಹಾಸಿಗೆಯಿಂದ ಏಳಲಾಗುವುದಿಲ್ಲ. ಮುಂದಿನ ತಿಂಗಳು ತಂಗಿಯ ಮದುವೆಗೆ 8 ಗಂಟೆಯ ದಾರಿ ಇದೆ. ಕಾರೋ, ರೈಲೋ, ವಿಮಾನವೋ ಗೊತ್ತಾಗುತ್ತಿಲ್ಲ. ಮನೆಯವರು "ಸುಮ್ನೆ ಕೂತ್ಕೊಂಡು ಬರೋದಕ್ಕೆ ಎಂಥಾ ಸುಸ್ತು" ಅನ್ನುತ್ತಾರೆ.

ಮೊದಲು ಮನೆಯವರ ಮಾತನ್ನೇ ತೆಗೆದುಕೊಳ್ಳುತ್ತೇನೆ, ಯಾಕೆಂದರೆ ಅವರಿಗೆ ಇದು ಅರ್ಥವಾಗದಿದ್ದರೆ ಮುಂದೆ ನಾನು ಹೇಳುವ ಯಾವುದೂ ನಡೆಯುವುದಿಲ್ಲ. ಕಾರಿನಲ್ಲಿ ಮೈ ಕೂತಿರುತ್ತದೆ, ಮಿದುಳು ಕೂತಿರುವುದಿಲ್ಲ. ಪ್ರತಿ ತಿರುವಿಗೂ ಪ್ರತಿ ಬ್ರೇಕಿಗೂ ಕತ್ತು, ಬೆನ್ನು ಸರಿಪಡಿಸಿಕೊಳ್ಳಬೇಕು. ಒಳಕಿವಿ "ಚಲಿಸುತ್ತಿದ್ದೇವೆ" ಅನ್ನುತ್ತದೆ, ಕಾರಿನೊಳಗೆ ನೆಟ್ಟ ಕಣ್ಣು "ಇಲ್ಲ" ಅನ್ನುತ್ತದೆ. ಇಂಜಿನ್ನಿನ ಗುಂಯ್ ಸದ್ದು, ಹಾರ್ನು, ಮರಗಳ ನಡುವೆ ಮಿನುಗುವ ಬಿಸಿಲು, ಹಿಂದಿನ ಸೀಟಿನ ಮಾತು ಎಲ್ಲ ಒಟ್ಟಿಗೆ ಬರುತ್ತವೆ. ಪೆಟ್ಟಾಗದ ಮಿದುಳು ಇದರಲ್ಲಿ ಬೇಡದ್ದನ್ನು ನಮಗೆ ತಿಳಿಯದಂತೆಯೇ ಜರಡಿ ಹಿಡಿದು ಬಿಡುತ್ತದೆ. ರಕ್ತಸ್ರಾವವಾದ ಮೇಲೆ ಅದೇ ಕೆಲಸಕ್ಕೆ ಪ್ರಯತ್ನ ಬೇಕಾಗುತ್ತದೆ, ಗಮನವೆಲ್ಲ ಅದಕ್ಕೇ ಖರ್ಚಾಗುತ್ತದೆ. ಕೈಕಾಲಿನ ಬಲ ಪೂರ್ತಿ ವಾಪಸು ಬಂದವರಲ್ಲೂ ಈ ಸುಸ್ತು ಉಳಿಯುವುದು ತೀರಾ ಸಾಮಾನ್ಯ. ಹಾಗಾಗಿ ಟಾನಿಕ್ಕು, "ಮನಸ್ಸು ಗಟ್ಟಿ ಮಾಡ್ಕೋ" ಎಂಬ ಉಪದೇಶ ಎರಡೂ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಇದರ ಇನ್ನೊಂದು ಗುಣ, ಬಹಳ ಜನ ಮೋಸಹೋಗುವುದೂ ಇಲ್ಲೇ: ಈ ಸುಸ್ತು ತಡವಾಗಿ ಬರುತ್ತದೆ. ಪ್ರಯಾಣದ ದಿನ ಹುಮ್ಮಸ್ಸಿನಲ್ಲಿ ಎಲ್ಲ ಚೆನ್ನಾಗಿರುತ್ತದೆ. ಮಾರನೆಯ ದಿನವೋ ಅದರಾಚೆಯ ದಿನವೋ ಒಮ್ಮೆಲೇ ಕೆಡವುತ್ತದೆ. ಆದ್ದರಿಂದ "ಸುಸ್ತಾದಾಗ ನಿಲ್ಲಿಸೋಣ" ಎಂಬ ಲೆಕ್ಕಾಚಾರ ತಪ್ಪು. ಗಡಿಯಾರ ನೋಡಿ ನಿಲ್ಲಿಸಬೇಕು, ಇನ್ನೂ ಚೆನ್ನಾಗಿರುವಾಗಲೇ.

ಎಷ್ಟು ಹೊತ್ತಿಗೆ ಎಂಬುದನ್ನು ಈ ತಿಂಗಳಲ್ಲೇ ಅಳೆದುಕೊಳ್ಳಿ. ಒಂದು ದಿನ ಬೇರೇನೂ ಕೆಲಸ ಇಟ್ಟುಕೊಳ್ಳದೆ 30 ನಿಮಿಷ ಕಾರಿನಲ್ಲಿ ಹೋಗಿಬನ್ನಿ. ಅಂದು ಸಂಜೆ, ಮಾರನೆಯ ಬೆಳಿಗ್ಗೆ, ಅದರ ಮರುದಿನ ಹೇಗಿತ್ತು ಎಂದು ಮೂರು ಸಾಲು ಬರೆದಿಡಿ. ಮಾರನೆಯ ಬೆಳಿಗ್ಗೆ ಎಂದಿನಂತೆ ಎದ್ದು, ಮರುದಿನವೂ ಕೆಡಲಿಲ್ಲವಾದರೆ ಅಷ್ಟು ನಿಮಗೆ ಆಗುತ್ತದೆ. ಮೂರ್ನಾಲ್ಕು ದಿನ ಬಿಟ್ಟು 10-15 ನಿಮಿಷ ಹೆಚ್ಚಿಸಿ ನೋಡಿ. ಕೆಟ್ಟರೆ ಹಿಂದಿನ ಅಳತೆಗೇ ಬನ್ನಿ. ಎರಡು ಗಂಟೆಗೆ ಎರಡು ದಿನ ಮಲಗುತ್ತಿದ್ದೀರಿ ಅಂದರೆ ನಿಮ್ಮ ಒಂದು ಸಲದ ಓಟ 45 ನಿಮಿಷದ ಆಸುಪಾಸಿನಲ್ಲಿ ಇರಬಹುದು ಎಂದುಕೊಂಡು ಕೆಳಗಿನ ಲೆಕ್ಕ ಮಾಡಿದ್ದೇನೆ. ನಿಮ್ಮ ಅಂಕಿ ಬೇರೆ ಬಂದರೆ ಅದನ್ನು ಹಾಕಿಕೊಳ್ಳಿ.

8 ಗಂಟೆಯ ದಾರಿಯನ್ನು 45 ನಿಮಿಷದಂತೆ ಕತ್ತರಿಸಿದರೆ 11 ತುಂಡು, ನಡುವೆ 10 ನಿಲುಗಡೆ. ಒಂದೊಂದಕ್ಕೆ 25 ನಿಮಿಷ ಕೊಟ್ಟರೆ ಒಟ್ಟು 12 ಗಂಟೆ ದಾಟುತ್ತದೆ. ಒಂದೇ ದಿನದಲ್ಲಿ ಇದು ನಿಮ್ಮಿಂದಾಗದು. ಎರಡು ದಿನ ಮಾಡಿ: ದಿನಕ್ಕೆ 4 ಗಂಟೆ ಓಟ, 5 ನಿಲುಗಡೆ, ಬೆಳಿಗ್ಗೆ 8ಕ್ಕೆ ಹೊರಟರೆ ಮಧ್ಯಾಹ್ನ 2ರ ಹೊತ್ತಿಗೆ ತಂಗುವ ಕೋಣೆಯಲ್ಲಿ. ರಾತ್ರಿ ಪ್ರಯಾಣ ಬೇಡ. "ನಿದ್ದೆಯಲ್ಲೇ ದಾರಿ ಸಾಗುತ್ತೆ" ಅಂತ ಹೇಳುವವರು ಸಿಗುತ್ತಾರೆ, ಆದರೆ ಅಲುಗಾಟದ ನಿದ್ದೆ ನಿದ್ದೆಯಲ್ಲ. ಫಿಟ್ಸ್ ಬರುವ ಸಾಧ್ಯತೆ ಇರುವವರಿಗೆ ನಿದ್ದೆಗೇಡು ತುಂಬ ಕೆಟ್ಟದ್ದು.

ನಿಲುಗಡೆ ಅಂದರೆ ಹೋಟೆಲಿನ ಗದ್ದಲದಲ್ಲಿ ಕೂತು ಕಾಫಿ ಕುಡಿದು ಹರಟುವುದಲ್ಲ. ಅದು ಮಿದುಳಿಗೆ ಇನ್ನೊಂದು ಕೆಲಸ. ರಸ್ತೆಯಿಂದ ಆಚೆ ನೆರಳಿನಲ್ಲಿ ಗಾಡಿ ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ಕಿಟಕಿ ಸ್ವಲ್ಪ ಇಳಿಸಿ, ಸೀಟು ಹಿಂದಕ್ಕೆ ಚಾಚಿ, ಕಣ್ಣಿಗೆ ಪಟ್ಟಿ, ಕಿವಿಗೆ ಪ್ಲಗ್, 20 ನಿಮಿಷ. ಫೋನು ಬೇರೆಯವರ ಕೈಯಲ್ಲಿ. ನಿದ್ದೆ ಬರಲೇಬೇಕೆಂದಿಲ್ಲ, ಒಳಗೆ ಏನೂ ಹೋಗದಿದ್ದರೆ ಸಾಕು. ಜೊತೆಗಿದ್ದವರು ಆ ಹೊತ್ತಿನಲ್ಲಿ ಕೆಳಗಿಳಿದು ತಮ್ಮ ಕಾಫಿ ಕುಡಿದುಕೊಳ್ಳಲಿ. ಕೊನೆಯ 5 ನಿಮಿಷ ನೀವೂ ಇಳಿದು ನಾಲ್ಕು ಹೆಜ್ಜೆ ನಡೆಯಿರಿ, ಶೌಚಾಲಯಕ್ಕೆ ಹೋಗಿ, ನೀರು ಕುಡಿಯಿರಿ. ಈ ನಡಿಗೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರುವುದಕ್ಕೂ ಬೇಕು, ಒಂದು ಕಾಲು ದುರ್ಬಲವಾಗಿ ಉಳಿದವರಿಗಂತೂ ಕಡ್ಡಾಯ. ಗಾಡಿಯೊಳಗಿದ್ದಾಗ ಹಿಮ್ಮಡಿ ಊರಿ ಪಾದ ಮೇಲೆ ಕೆಳಗೆ ಮಾಡುತ್ತಿರಿ. "ಈಗ ಚೆನ್ನಾಗೇ ಇದೆ, ಇನ್ನೊಂದರ್ಧ ಗಂಟೆ ಹೋಗಿಬಿಡೋಣ" ಎಂದು ನೀವೇ ಹೇಳುತ್ತೀರಿ, ನೋಡಿ ಬೇಕಾದರೆ. ಅಲಾರಂ ಇಡುವುದು ಡ್ರೈವ್ ಮಾಡುವವರ ಕೆಲಸವಾಗಿರಲಿ, ನಿಮ್ಮದಲ್ಲ.

ಅಂದ ಹಾಗೆ, ಸ್ಟೀರಿಂಗ್ ನಿಮ್ಮ ಕೈಗೆ ಬೇಡವೇ ಬೇಡ. ಡಾಕ್ಟರು ಮತ್ತು ನಿಮ್ಮಲ್ಲಿನ ಕಾನೂನು ಎರಡೂ ಒಪ್ಪಿದ್ದರೂ ಈ ಪ್ರಯಾಣದಲ್ಲಿ ಬೇಡ.

ಮುಂದಿನ ಸೀಟಿನಲ್ಲಿ ಕೂತು ದೂರಕ್ಕೆ ನೋಡುವುದು ಹೆಚ್ಚಿನವರಿಗೆ ಹಿತ. ಬಿಸಿಲು ಮಿನುಗಿ ಕಣ್ಣು ನೋಯುತ್ತಿದ್ದರೆ ಕಣ್ಣು ಮುಚ್ಚಿಬಿಡಿ. ಕತ್ತಿನ ದಿಂಬು ತಲೆ ಓಲಾಡುವುದನ್ನು ತಡೆಯುತ್ತದೆ, ಇದರಿಂದ ಕತ್ತಿನ ಸ್ನಾಯುಗಳ ದುಡಿಮೆ ಬಹಳ ಉಳಿಯುತ್ತದೆ. ಫೋಮಿನ ಇಯರ್ ಪ್ಲಗ್ ಹಾಕಲು ಒಂದು ಕ್ರಮವಿದೆ: ಬೆರಳಲ್ಲಿ ತೆಳ್ಳಗೆ ಹೊಸೆದು, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೆ ಹಿಂದಕ್ಕೆ ಎಳೆದು ಹಿಡಿದು ತೂರಿಸಿ, ಅದು ಉಬ್ಬುವ ತನಕ ಅರ್ಧ ನಿಮಿಷ ಒತ್ತಿ ಹಿಡಿಯಬೇಕು. ಸುಮ್ಮನೆ ತುರುಕಿದರೆ ಪ್ರಯೋಜನವಿಲ್ಲ. ಸದ್ದು ತಗ್ಗಿಸುವ ಹೆಡ್‌ಫೋನ್ ಇಂಜಿನ್ನಿನ ಏಕತಾನದ ಸದ್ದನ್ನು ನುಂಗುತ್ತದೆ, ಮಾತನ್ನು ಅಷ್ಟಾಗಿ ಅಲ್ಲ. ಆದರೆ ತಲೆಯಲ್ಲಿ ಶಂಟ್ (ಮಿದುಳಿನಲ್ಲಿ ಹೆಚ್ಚಾದ ನೀರನ್ನು ಹೊರಗೆ ಸಾಗಿಸುವ ಕೊಳವೆ) ಇಟ್ಟಿದ್ದು, ಅದರ ವಾಲ್ವು ಹೊರಗಿನಿಂದ ಅಯಸ್ಕಾಂತದ ಮೂಲಕ ಹೊಂದಿಸುವ ಬಗೆಯದಾಗಿದ್ದರೆ ಡಾಕ್ಟರನ್ನು ಕೇಳದೆ ಹೆಡ್‌ಫೋನ್ ಹಾಕಬೇಡಿ. ಹೆಡ್‌ಫೋನಿನ ಒಳಗೂ ಅಯಸ್ಕಾಂತವಿರುತ್ತದೆ, ವಾಲ್ವು ಸಾಮಾನ್ಯವಾಗಿ ಕಿವಿಯ ಹತ್ತಿರವೇ ಇರುತ್ತದೆ. ಹಾಡು ಕೇಳುವುದೂ ಹೊರೆಯೇ, ನಿಮಗೆ ಎಷ್ಟೇ ಇಷ್ಟವಾದ ಹಾಡಾದರೂ.

ರೈಲಿನಲ್ಲಿ ಮಲಗಲು ಜಾಗ ಸಿಗುವುದಾದರೆ ನನ್ನ ಮತ ರೈಲಿಗೇ. ಹಗಲು ರೈಲು, ಕೆಳಗಿನ ಮಲಗುವ ಜಾಗ, ಬಾಗಿಲಿನಿಂದ ದೂರ. ಮಲಗಿ ಕಣ್ಣುಮುಚ್ಚಿ ಹೋಗುವುದರಿಂದ ಓಟದ ಲೆಕ್ಕ ಉದ್ದವಾಗುತ್ತದೆ, ಎಷ್ಟು ಎಂಬುದನ್ನು ಅದಕ್ಕೂ ಒಂದು ಸಣ್ಣ ಪ್ರಯಾಣ ಮಾಡಿಯೇ ತಿಳಿಯಬೇಕು. ದಣಿಸುವುದು ನಿಲ್ದಾಣ. ಸಾಮಾನು ನೀವು ಮುಟ್ಟಬೇಡಿ, ಒಂದು ಕಡೆಯ ದೃಷ್ಟಿ ಹೋಗಿದ್ದರೆ ಜೊತೆಯವರು ಆ ಪಕ್ಕದಲ್ಲೇ ನಡೆಯಲಿ.

ವಿಮಾನದಲ್ಲಿ ಹಾರಾಟ ಚಿಕ್ಕದು, ನಿಲ್ದಾಣ ದೊಡ್ಡದು: ಸಾಲು, ತಪಾಸಣೆ, ಬೆಳಕು, ಎಡೆಬಿಡದ ಪ್ರಕಟಣೆ. ನಡೆಯಲು ಬರುತ್ತದಲ್ಲ ಎಂದು ಸಂಕೋಚಪಡದೆ ಗಾಲಿಕುರ್ಚಿ ಕೇಳಿ, ಕನಿಷ್ಠ 48 ಗಂಟೆ ಮೊದಲೇ ವಿಮಾನ ಸಂಸ್ಥೆಗೆ ತಿಳಿಸಿ. ಕ್ಯಾಬಿನ್ನಿನ ಒತ್ತಡ ಸುಮಾರು 6,000-8,000 ಅಡಿ ಎತ್ತರದ ಜಾಗದಲ್ಲಿ ಇರುವಷ್ಟೇ ಇರುತ್ತದೆ, ರಕ್ತದಲ್ಲಿ ಆಮ್ಲಜನಕ ಸ್ವಲ್ಪ ಇಳಿಯುತ್ತದೆ, ಗಾಳಿಯೂ ಒಣ. ತಲೆಬುರುಡೆ ತೆರೆದು ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆಗಿದ್ದರೆ ಒಳಗೆ ಉಳಿದ ಗಾಳಿ ಆ ಎತ್ತರದಲ್ಲಿ ಹಿಗ್ಗುತ್ತದೆ, ಅದಕ್ಕೇ ನರಶಸ್ತ್ರಚಿಕಿತ್ಸಕರ ಒಪ್ಪಿಗೆ ಬರಹದಲ್ಲಿ ಬೇಕು. ರಕ್ತನಾಳದ ಉಬ್ಬು ಮುಚ್ಚಲು ಹಾಕಿದ ಕ್ಲಿಪ್, ಕಾಯಿಲ್, ಇಲ್ಲವೇ ಶಂಟ್ ಏನಿದ್ದರೂ ಅದರ ಕಾರ್ಡು, ಡಿಸ್ಚಾರ್ಜ್ ಸಮ್ಮರಿಯ ಪ್ರತಿ ಕೈಚೀಲದಲ್ಲಿರಲಿ.

ಮಾತ್ರೆಗಳು ಕೈಚೀಲದಲ್ಲಿ, ಎರಡು ದಿನದ್ದು ಹೆಚ್ಚಿಗೆ. ಬಿಪಿ ಮಾತ್ರೆ, ಫಿಟ್ಸ್ ಮಾತ್ರೆ ಎರಡೂ ದಿನದ ಅದೇ ಹೊತ್ತಿಗೆ. ದಾರಿಯಲ್ಲಿ ಶೌಚಾಲಯ ಸಿಗದೆಂದು ಮೂತ್ರದ ಮಾತ್ರೆ ಬಿಡುವವರು, ನೀರು ನಿಲ್ಲಿಸುವವರು ಬಹಳ. ನೀರು ನಿಲ್ಲಿಸಿದರೆ ತಲೆನೋವು, ಸುಸ್ತು; ಮಾತ್ರೆ ಬಿಟ್ಟರೆ ಬಿಪಿ ಏರಬಹುದು. ಹೊತ್ತು ಬದಲಿಸಬಹುದೇ ಎಂದು ಡಾಕ್ಟರನ್ನು ಕೇಳಿ, ನೀವಾಗಿ ಬಿಡಬೇಡಿ. ಸೋಡಿಯಂ ಕಡಿಮೆಯೆಂದು ನೀರಿಗೆ ಮಿತಿ ಹಾಕಿದ್ದರೆ ಆ ಮಿತಿಯೊಳಗೇ ಇರಿ. ವಾಕರಿಕೆಗೆಂದು ಅಂಗಡಿಯಲ್ಲಿ ಸಿಗುವ ಮಾತ್ರೆಗಳಲ್ಲಿ ಹೆಚ್ಚಿನವು ಮಂಪರು ತರಿಸಿ ತಲೆ ಇನ್ನಷ್ಟು ಮಂಜಾಗಿಸುತ್ತವೆ. ಮೂಗುಕಟ್ಟಿದ್ದಕ್ಕೆ ಕೊಡುವ ಸೂಡೊಎಫೆಡ್ರಿನ್, ಫಿನೈಲೆಫ್ರಿನ್ ಇರುವ ಮಾತ್ರೆಗಳು ಬಿಪಿ ಏರಿಸಬಲ್ಲವು. ತಲೆನೋವಿಗೆ ಐಬುಪ್ರೊಫೇನ್, ಡೈಕ್ಲೋಫೆನಾಕ್, ಆಸ್ಪಿರಿನ್ ಡಾಕ್ಟರನ್ನು ಕೇಳದೆ ತೆಗೆದುಕೊಳ್ಳಬೇಡಿ. ಯಾರೂ ಬಾಯಿಬಿಟ್ಟು ಹೇಳದ ಒಂದು ವಿಷಯ ಮಲಬದ್ಧತೆ: ಪ್ರಯಾಣದಲ್ಲಿ ಅದು ಬಹಳ ಜನರಿಗೆ ಆಗುತ್ತದೆ, ತಿಣುಕಿದರೆ ಬಿಪಿ ಜಿಗಿಯುತ್ತದೆ. ಹೊರಡುವ ಮೂರು ದಿನ ಮೊದಲಿಂದ ನಾರಿನಂಶ ಹೆಚ್ಚಿಸಿ, ಬೇಕಾದರೆ ಡಾಕ್ಟರಿಂದ ಔಷಧಿ ಬರೆಸಿಕೊಳ್ಳಿ.

ಇಷ್ಟೆಲ್ಲ ಮಾಡಿಯೂ ಕೆಡುವುದು ಹಿಂದಿನ ದಿನದಿಂದ. ರಾತ್ರಿ ಹನ್ನೊಂದರ ತನಕ ಬಟ್ಟೆ ಆರಿಸಿ, ಪೆಟ್ಟಿಗೆ ತುಂಬಿ, ಟಿಕೆಟ್ಟು ಹುಡುಕಿ ಬೆಳಿಗ್ಗೆ ಹೊರಟರೆ ಅರ್ಧ ಶಕ್ತಿ ಮನೆಯಲ್ಲೇ ಮುಗಿದಿರುತ್ತದೆ. ಯಾವುದು ಬೇಕು, ಯಾವುದು ಬೇಡ ಎಂಬ ತೀರ್ಮಾನಗಳು ಈ ಸ್ಥಿತಿಯಲ್ಲಿ ಭಾರ ಎತ್ತಿದಷ್ಟೇ ದಣಿಸುತ್ತವೆ. ನಾಲ್ಕು ದಿನ ಮೊದಲೇ ಪಟ್ಟಿ ಬರೆದು ದಿನಕ್ಕಿಷ್ಟು ತುಂಬಿ, ಹಿಂದಿನ ದಿನ ಪೂರ್ತಿ ಖಾಲಿ ಇಡಿ. ಮದುವೆಗೆ ಒಂದು ದಿನ ಮೊದಲೇ ತಲುಪಿ. ತಲುಪಿದ ದಿನ ಊಟ, ಹಾಸಿಗೆ, ಅಷ್ಟೇ, ನೆಂಟರನ್ನು ಮಾತಾಡಿಸುವುದು ನಾಳೆಗೆ. ಮದುವೆಯ ದಿನ ಇಡೀ ಹೊತ್ತು ಕೂರುವುದಲ್ಲ, ನಿಮಗೆ ಮುಖ್ಯವಾದ ಒಂದೆರಡು ಗಂಟೆ ಯಾವುದೆಂದು ತಂಗಿಯ ಜೊತೆಗೇ ಮಾತಾಡಿ ಗೊತ್ತುಮಾಡಿಕೊಳ್ಳಿ. ಸ್ಪೀಕರಿನಿಂದ ದೂರ, ಬಾಗಿಲ ಹತ್ತಿರ ಜಾಗ, ಹತ್ತಿರದಲ್ಲೇ ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ ಇರಲಿ.

ಮನೆಗೆ ಮರಳಿದ ಮೇಲೆ ಮೂರು ದಿನ ಕೆಲಸ, ಅತಿಥಿ, ಆಸ್ಪತ್ರೆಯ ಅಪಾಯಿಂಟ್‌ಮೆಂಟ್ ಯಾವುದೂ ಬೇಡ. ಹಾಗಂತ ಮೂರು ದಿನ ಮಲಗಿಯೇ ಇರಬೇಡಿ, ರಾತ್ರಿ ನಿದ್ದೆ ಕೆಟ್ಟು ಸುಸ್ತು ಎಳೆಯುತ್ತದೆ. ಎಂದಿನ ಹೊತ್ತಿಗೆ ಎದ್ದು, ದಿನದಲ್ಲಿ ಮೂರ್ನಾಲ್ಕು ಸಲ 20-30 ನಿಮಿಷ ವಿಶ್ರಾಂತಿ, ನಡುವೆ ಸಣ್ಣ ನಡಿಗೆ. ಹಗಲು ನಿದ್ದೆ ಮಾಡುವುದಿದ್ದರೆ ಮಧ್ಯಾಹ್ನ 3ರೊಳಗೆ.

ಸುಸ್ತು ಏರುತ್ತಿರುವುದು ನಿಮಗಿಂತ ಮೊದಲು ಪಕ್ಕದವರಿಗೆ ಕಾಣುತ್ತದೆ: ಮೇಲಿಂದ ಮೇಲೆ ಆಕಳಿಕೆ, ಪದ ಸಿಗದೆ ತಡವರಿಸುವುದು, ಸಣ್ಣದಕ್ಕೂ ಸಿಡಿಮಿಡಿ, ಉತ್ತರ ತಡವಾಗುವುದು, ಪಾದ ನೆಲಕ್ಕೆ ಉಜ್ಜುವುದು. ಹಳೆಯ ದುರ್ಬಲತೆ ದಣಿದಾಗ ಸ್ವಲ್ಪ ತಲೆಯೆತ್ತಿ ವಿಶ್ರಾಂತಿಯ ನಂತರ ಇಳಿಯುವುದು ಉಂಟು. ಆದರೆ ಹಠಾತ್ತನೆ ಬಂದದ್ದನ್ನು ಎಂದೂ ಸುಸ್ತೆಂದು ಬಗೆಯಬೇಡಿ. ಸಿಡಿಲಿನಂತೆ ತಲೆನೋವು, ಮುಖ ಒಂದು ಕಡೆ ಜೋತುಬೀಳುವುದು, ಕೈಕಾಲು ಸೋಲುವುದು, ಮಾತು ಅಥವಾ ದೃಷ್ಟಿ ಥಟ್ಟನೆ ಹೋಗುವುದು, ನಿಲ್ಲದ ವಾಂತಿ, ಫಿಟ್ಸ್, ಎಬ್ಬಿಸಿದರೂ ಎಚ್ಚರವಾಗದ ಮಂಪರು ಇವುಗಳಲ್ಲಿ ಒಂದು ಕಂಡರೂ "ಸ್ವಲ್ಪ ಮಲಗಲಿ, ನೋಡೋಣ" ಅನ್ನದೆ ತಕ್ಷಣ ಆಂಬುಲೆನ್ಸ್ ಕರೆಯಬೇಕು. ಬಾಯಿಗೆ ನೀರು, ಮಾತ್ರೆ ಹಾಕಬಾರದು. ಶುರುವಾದ ಸಮಯ ಬರೆದಿಟ್ಟುಕೊಳ್ಳಬೇಕು. ಇದನ್ನು ಜೊತೆಗೆ ಬರುವವರಿಗೆ ಓದಿಸಿ.

ಕೊನೆಗೆ, ಅಳತೆಯ ಪ್ರಯಾಣದಲ್ಲಿ 20 ನಿಮಿಷಕ್ಕೇ ಕುಸಿಯುತ್ತಿದ್ದರೆ, ಅಥವಾ ಸುಸ್ತು ತಿಂಗಳಿಂದ ತಿಂಗಳಿಗೆ ಹೆಚ್ಚುತ್ತಿದ್ದರೆ ಎಲ್ಲವನ್ನೂ ಹ್ಯಾಮರೇಜಿನ ತಲೆಗೆ ಕಟ್ಟಬೇಡಿ. ಹಿಮೋಗ್ಲೋಬಿನ್, ಥೈರಾಯ್ಡ್, ಸೋಡಿಯಂ ನೋಡಿಸಿ. ಮಿದುಳಿನ ಹೊದಿಕೆಯಡಿ ರಕ್ತಸ್ರಾವ ಆಗಿದ್ದವರಲ್ಲಿ ಪಿಟ್ಯುಟರಿ (ಮಿದುಳಿನ ಬುಡದಲ್ಲಿರುವ ಪುಟ್ಟ ಗ್ರಂಥಿ) ಹಾರ್ಮೋನು ಕಡಿಮೆಯಾಗಿರುವುದೂ ಉಂಟು, ಡಾಕ್ಟರಲ್ಲಿ ಹೆಸರು ಹೇಳಿಯೇ ಕೇಳಿ. ಗೊರಕೆ ಜೋರಿದ್ದು ನಿದ್ದೆಯಲ್ಲಿ ಉಸಿರು ನಿಂತು ಬರುತ್ತಿದೆಯೇ, ಖಿನ್ನತೆ ಇದೆಯೇ, ಫಿಟ್ಸ್‌ಗೆ ಕೊಡುವ ಲೆವಿಟಿರಾಸಿಟಮ್ ಅಥವಾ ಬಿಪಿಗೆ ಕೊಡುವ ಬೀಟಾ ಬ್ಲಾಕರ್ ಬಗೆಯ ಮಾತ್ರೆಯೇ ಕುಗ್ಗಿಸುತ್ತಿದೆಯೇ ಎಂದೂ ನೋಡಬೇಕು. ನಡಿಗೆ ನಿಧಾನವಾಗುತ್ತಾ, ಮರೆವು ಹೆಚ್ಚುತ್ತಾ, ಮೂತ್ರ ತಡೆಯಲಾಗದೆ ಹೋಗುತ್ತಿದ್ದರೆ ತಲೆಯಲ್ಲಿ ನೀರು ತುಂಬುತ್ತಿರಬಹುದು, ಮದುವೆಯ ತನಕ ಕಾಯದೆ ಈಗಲೇ ತೋರಿಸಿ. ಉಳಿದ ಪರೀಕ್ಷೆಗಳನ್ನೂ ಈ ವಾರವೇ ಮಾಡಿಸುವುದು ಒಳ್ಳೆಯದು, ಮಾತ್ರೆ ಬದಲಿಸಿದರೆ ಮೈ ಒಗ್ಗಿಕೊಳ್ಳಲು ಎರಡು ಮೂರು ವಾರವಾದರೂ ಕೈಯಲ್ಲಿರಬೇಕು.