ಸಹಿ ಆಮೇಲೆ, ಮೊದಲು ಕಾಕಾನ ಬಾಕಿ

ಹುಬ್ಬಳ್ಳಿಯಿಂದ ಒಂದು ಪತ್ರ ಬಂದಿದೆ. ಹೆಸರು ಹಾಕಬೇಡಿ ಅಂದಿದ್ದಾರೆ. ಓದಿ ಮುಗಿಸಿದ ಮೇಲೆ ಈ ವಾರ ಬೇರೆ ಯಾರಿಗೂ ಉತ್ತರ ಬರೆಯುವ ಮನಸ್ಸಾಗಲಿಲ್ಲ.

ಸಂಗತಿ ಇಷ್ಟು. ಈಕೆ ಅತ್ತೆಯಿಂದ ಕಲಿತ ರಂಜಕ (ಹಣ್ಣು ಮೆಣಸಿನಕಾಯಿ ಅರೆದು ಮಾಡುವ ಖಾರದ ಚಟ್ನಿ), ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಮಾಡಿ ಮಾರುತ್ತಾರೆ. ಹಿತ್ತಲಿನ ಶೆಡ್ಡಿನಲ್ಲಿ ನಾಲ್ಕು ಹೆಂಗಸರಿಗೆ ಕೆಲಸ ಕೊಟ್ಟಿದ್ದಾರೆ. ಬೆಂಗಳೂರು, ಪುಣೆಗೆ ಪಾರ್ಸೆಲ್ ಹೋಗುತ್ತದೆ. ಬೆಂಗಳೂರಿನ ನೌಕರಿ ಹೋಗಿ ಊರಿಗೆ ಬಂದ ಮೈದುನ ಈಗ ಈ ವ್ಯಾಪಾರವನ್ನು ದೊಡ್ಡದು ಮಾಡಲು ಹೊರಟಿದ್ದಾನೆ. ಮನೆ ಅಡ ಇಟ್ಟು 40 ಲಕ್ಷ ಸಾಲ, ಹೊಸ ಮಷೀನು, ಹೊಸ ಬ್ರಾಂಡು. ಮೆಣಸಿನಕಾಯಿ ಇನ್ನು ಮುಂದೆ ಏಜೆಂಟ್ ಕಡೆಯಿಂದ, ಅಗ್ಗ ಬೀಳುತ್ತಂತೆ. ವಿಯೆಟ್ನಾಮಿನಿಂದ ಓಡಿ ಅಮೆರಿಕಕ್ಕೆ ಹೋಗಿ ಖಾರದ ಸಾಸ್ ಮಾರಿ ಗೆದ್ದವನೊಬ್ಬನ ವಿಡಿಯೋ ದಿನಾ ಊಟದ ಹೊತ್ತಿಗೆ ತೋರಿಸುತ್ತಾನೆ. "ಅಂವಗ ಆಗಿದ್ದು ನಮಗ್ಯಾಕ ಆಗೂದಿಲ್ಲ ವೈನಿ?" ಯಜಮಾನರದು ಒಂದೇ ಮಾತು: ಅವನು ಓದಿದವನು, ಸಹಿ ಹಾಕು. ಹಾಕದಿದ್ದರೆ ಮನೆ ಒಡೆಯುತ್ತದೆ ಅಂತ ಈಕೆಗೆ ಹೆದರಿಕೆ. ಹಾಕಲೋ ಬೇಡವೋ ಅಂತ ಕೇಳಿದ್ದಾರೆ.

ತಂಗೀ, ಸಹಿ ವಿಷಯಕ್ಕೆ ಆಮೇಲೆ ಬರುತ್ತೇನೆ. ಐದನೇ ಪುಟದ ಕೊನೆಯಲ್ಲಿ ನೀವು ಬರೆದ ಒಂದು ಸಾಲು ನನ್ನನ್ನು ಅಲ್ಲೇ ಹಿಡಿದು ನಿಲ್ಲಿಸಿತು. "ಮೊದಲಿನಿಂದ ಹಣ್ಣು ಮೆಣಸಿನಕಾಯಿ ಕೊಡೋ ಕುಂದಗೋಳ ಕಡೆ ಕಾಕಾನ ಹೋದ ಸುಗ್ಗಿದು 86 ಸಾವಿರ ಬಾಕಿ ಐತಿ. ಲೇಬಲ್ ಡಿಸೈನಿಗೆ ಆ ರೊಕ್ಕ ಹೋತು. ಅದು ಇರಲಿ." ಆಮೇಲೆ ಮತ್ತೆ ಮೈದುನನ ಪುರಾಣ.

ಅದು ಹೇಗೆ ಇರಲಿ?

ಮೈದುನ ತೋರಿಸುವ ಮನುಷ್ಯ ಡೇವಿಡ್ ಟ್ರಾನ್. ಗಟ್ಟಿ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. 1945ರಲ್ಲಿ ವಿಯೆಟ್ನಾಮಿನಲ್ಲಿ, ಚೀನೀ ಮೂಲದ ಕುಟುಂಬದಲ್ಲಿ ಹುಟ್ಟಿದವರು. ಅಲ್ಲಿದ್ದಾಗಲೇ ಖಾರದ ಸಾಸ್ ಮಾಡಿ, ಮಕ್ಕಳ ಆಹಾರದ ಹಳೇ ಗಾಜಿನ ಬಾಟಲಿಗಳಲ್ಲಿ ತುಂಬಿ ಮಾರುತ್ತಿದ್ದರು. ಯುದ್ಧ ಮುಗಿದ ಮೇಲೆ ಚೀನೀ ಮೂಲದವರಿಗೆ ಅಲ್ಲಿ ಬದುಕು ಬಿಗಿಯಾಯಿತು. 1978ರ ಡಿಸೆಂಬರಿನಲ್ಲಿ ಹುಯ್ ಫಾಂಗ್ ಎಂಬ ಸರಕು ಹಡಗು ಹತ್ತಿದರು. ಅದರಲ್ಲಿ 3,300ಕ್ಕೂ ಜಾಸ್ತಿ ಜನ. ಹಾಂಗ್‌ಕಾಂಗ್ ಆ ಹಡಗನ್ನು ಸುಮಾರು ಒಂದು ತಿಂಗಳು ಒಳಗೆ ಬಿಡಲಿಲ್ಲ. 1980ರಲ್ಲಿ ಲಾಸ್ ಏಂಜಲೀಸಿನ ಚೈನಾಟೌನಿನಲ್ಲಿ ಸಣ್ಣದೊಂದು ಜಾಗ ಹಿಡಿದು ಸಾಸ್ ಶುರು ಮಾಡಿದರು. ನೀಲಿ ವ್ಯಾನಿನಲ್ಲಿ ತಾವೇ ಅಂಗಡಿ ಅಂಗಡಿಗೆ ಹಾಕಿ ಬರುತ್ತಿದ್ದರು. ಕಂಪನಿಗೆ ಹಡಗಿನ ಹೆಸರನ್ನೇ ಇಟ್ಟರು. ಹುಟ್ಟಿದ್ದು ಚೀನೀ ಪಂಚಾಂಗದ ಹುಂಜದ ವರ್ಷ, ಹಾಗಾಗಿ ಬಾಟಲಿ ಮೇಲೆ ಹುಂಜ. ಹಸಿರು ಮುಚ್ಚಳದ ಆ ಶ್ರೀರಾಚಾ ಸಾಸ್ ಇವತ್ತು ಬೆಂಗಳೂರಿನಲ್ಲಿ ಓದುವ ಹುಡುಗರಿಗೂ ಗೊತ್ತು.

ಇಂಥ ವಿಡಿಯೋಗಳಲ್ಲಿ "ಬರಿಗೈಯಲ್ಲಿ ಬಂದವನು" ಅಂತ ಒಂದು ಮಾತು ಇದ್ದೇ ಇರುತ್ತದೆ. ಟ್ರಾನ್ ಮಿಲ್ಕ್‌ಮೇಡ್ ತರಹದ ಗಟ್ಟಿ ಹಾಲಿನ ಡಬ್ಬಿಗಳಲ್ಲಿ 100 ಔನ್ಸ್ ಚಿನ್ನ ಅಡಗಿಸಿ ತಂದಿದ್ದರು. ಸುಮಾರು ಮೂರು ಕಿಲೋ. ತಪ್ಪೇನಿಲ್ಲ, ಜಾಣತನ. ಆದರೆ ಅದು ಸ್ವಂತ ಉಳಿತಾಯ. ಮನೆ ಅಡ ಇಟ್ಟ ದುಡ್ಡಲ್ಲ. ಇನ್ನೊಂದು, ಈ ಮನುಷ್ಯ ಜಾಹೀರಾತಿಗೆ ಅಂತ ದುಡ್ಡು ಸುರಿದವರೇ ಅಲ್ಲ. ಅವರ ವಿಡಿಯೋ ನೋಡಿ ನಿಮ್ಮ ಮನೆಯವರು ರೈತನ ದುಡ್ಡು ತೆಗೆದು ಲೇಬಲ್ಲಿಗೆ ಹಾಕಿದ್ದಾರೆ!

ಈಗ ಕತೆಯ ಇನ್ನರ್ಧ ಕೇಳಿ.

ಇಂಥ ಖಾರದ ಸಾಸಿಗೆ ಒಣಗಿಸದ, ಹಣ್ಣಾದ ಕಾಯಿ ಬೇಕು. ಕಿತ್ತ ದಿನವೇ ಅರೆಯಬೇಕು. ಇದನ್ನು ರಂಜಕ ಮಾಡುವ ನಿಮಗೆ ನಾನು ಹೇಳಬೇಕೇ? ಟ್ರಾನ್ ಕೂಡ ಸುಗ್ಗಿಯ ತಿಂಗಳುಗಳಲ್ಲೇ ವರ್ಷದ ಕಾಯಿಯನ್ನೆಲ್ಲ ಅರೆದು ಡ್ರಮ್ಮುಗಳಲ್ಲಿ ತುಂಬಿಡುತ್ತಿದ್ದರು. ಹಾಗಾಗಿ ಹೊಲ ಹತ್ತಿರ ಇರಬೇಕು, ರೈತ ನಂಬಿಕಸ್ಥ ಆಗಿರಬೇಕು. 1988ರಲ್ಲಿ ಕ್ರೇಗ್ ಅಂಡರ್‌ವುಡ್ ಎಂಬ ಕ್ಯಾಲಿಫೋರ್ನಿಯಾದ ರೈತ "ನಿಮಗೆ ಮೆಣಸಿನಕಾಯಿ ಬೆಳೆದುಕೊಡಲೇ?" ಅಂತ ತಾವಾಗಿಯೇ ಪತ್ರ ಬರೆದರು. 50 ಎಕರೆಯಿಂದ ಶುರುವಾದದ್ದು ಸುಮಾರು 1,700 ಎಕರೆಗೆ ಹೋಯಿತು. ಇಬ್ಬರೂ ಒಟ್ಟಿಗೇ ಬೆಳೆದರು, 28 ವರ್ಷ. ವ್ಯವಹಾರ ಹೆಚ್ಚುಕಡಿಮೆ ಬಾಯಿಮಾತಿನ ಮೇಲೇ ನಡೆಯಿತು.

2016ರ ಕೊನೆಗೆ ದುಡ್ಡಿನ ಮೇಲೆ ಜಗಳ ಬಿತ್ತು. ಕಾಯಿ ಖರೀದಿಗೆ ಅಂತ ಟ್ರಾನ್ ಕಡೆಯವರು ಬೇರೆ ಕಂಪನಿ ಕಟ್ಟಿದರು. ಸಂಬಂಧ ಮುರಿಯಿತು. "ನಿಮಗೆ ಜಾಸ್ತಿ ಕೊಟ್ಟಿದ್ದೇವೆ, ವಾಪಸ್ ಕೊಡಿ" ಅಂತ ಟ್ರಾನ್ ಕಂಪನಿಯೇ ಮೊದಲು ಕೋರ್ಟಿಗೆ ಹೋಯಿತು. ರೈತ ಎದುರು ದಾವೆ ಹಾಕಿದರು. 2019ರಲ್ಲಿ ಜ್ಯೂರಿ ಏನು ಹೇಳಿತು ಗೊತ್ತೇ? ಜಾಸ್ತಿ ಹೋದ ಸುಮಾರು 14.5 ಲಕ್ಷ ಡಾಲರ್ ಕಂಪನಿಗೆ ವಾಪಸ್ ಬರಬೇಕು, ಸರಿ. ಆದರೆ ಕಂಪನಿ ರೈತನಿಗೆ 2.33 ಕೋಟಿ ಡಾಲರ್ ಕೊಡಬೇಕು! ಅದರಲ್ಲಿ ಒಂದು ಕೋಟಿ ಬರೀ ದಂಡ. 2021ರಲ್ಲಿ ಮೇಲಿನ ಕೋರ್ಟೂ ಅದನ್ನೇ ಎತ್ತಿಹಿಡಿಯಿತು.

ದುಡ್ಡು ಹೋದರೆ ಹೋಗಲಿ ಅನ್ನೋಣ. ಕಾಯಿ? 2022ರಲ್ಲಿ ಕಾಯಿ ಸಾಲದೆ ಕಂಪನಿ ಹೊಸ ಆರ್ಡರ್ ನಿಲ್ಲಿಸಿತು. ಬಾಟಲಿಗಳು ಆನ್‌ಲೈನಿನಲ್ಲಿ ಹಲವು ಪಟ್ಟು ಬೆಲೆಗೆ ಹೋದವು. ಹವಾಮಾನ ಕೈಕೊಟ್ಟಿತು ಅಂತ ಕಂಪನಿ ಹೇಳಿತು, ಅದೂ ಸುಳ್ಳಲ್ಲ. 2024ರ ಮೇ ತಿಂಗಳಲ್ಲಿ ಮತ್ತೆ ಕೆಲಸ ನಿಂತಿತು: ಬಂದ ಕಾಯಿ ಹಣ್ಣಾಗಿರಲಿಲ್ಲ, ಹಸಿರಿತ್ತು. ಅಂಡರ್‌ವುಡ್ ಅಷ್ಟು ಹೊತ್ತಿಗೆ ತಮ್ಮದೇ ಶ್ರೀರಾಚಾ ಸಾಸ್ ಮಾರುತ್ತಿದ್ದರು.

ನಿಮ್ಮ ಮೈದುನನ ಮೇಲೆ ನನಗೆ ಅಷ್ಟೇನು ಸಿಟ್ಟಿಲ್ಲ. ನೌಕರಿ ಕಳಕೊಂಡು ಬಂದ ಹುಡುಗ, ಏನಾದರೂ ಮಾಡಿ ತೋರಿಸಬೇಕು ಅಂತ ಒದ್ದಾಡುತ್ತಿದ್ದಾನೆ. ಶೆಡ್ಡಿನಲ್ಲಿ ಒಂದು ಸುಗ್ಗಿ ಕೂತು ತೊಟ್ಟು ಬಿಡಿಸಲಿ, ಸರಿಹೋಗುತ್ತಾನೆ. ಸಿಟ್ಟು ಇರುವುದು ನಿಮ್ಮ ಯಜಮಾನರ ಮೇಲೆ. ಕಾಕಾ ಹೊಲದಿಂದ ಚೀಲ ಹೊರಿಸಿಕೊಂಡು ಬಂದಾಗ ತೂಕ ಬರೆದುಕೊಂಡವರು ಅವರೇ ಅಂತ ಬರೆದಿದ್ದೀರಿ. 86 ಸಾವಿರ ಅಂದರೆ ಆ ಮನೆಯಲ್ಲಿ ಏನು ಅಂತ ಅವರಿಗೆ ಗೊತ್ತಿಲ್ಲವೇ? ಬೀಜ, ಗೊಬ್ಬರ, ಬಿಡಿಸುವ ಆಳಿನ ಕೂಲಿ ಎಲ್ಲ ಆತ ಕೈಯಿಂದ ಕೊಟ್ಟು ಆಗಿದೆ. ತಮ್ಮನಿಗೆ "ಬೇಡ" ಅನ್ನಲು ಬಾಯಿ ಬಾರದವರು ಹೆಂಡತಿಗೆ "ಸಹಿ ಹಾಕು" ಅನ್ನುವಾಗ ಮಾತ್ರ ದೊಡ್ಡ ದನಿ ತೆಗೆಯುತ್ತಾರೆ.

ನೀವೂ ಸುಮ್ಮನೆ "ಅದು ಇರಲಿ" ಅಂದುಬಿಟ್ಟಿರಿ. ಈ ಅಂಕಣ ಓದುವವರಿಗೆ ನನ್ನ ಹುಚ್ಚು ಗೊತ್ತು: ಲೆಕ್ಕದ ಪುಸ್ತಕ ಯಾರ ಕೈಯಲ್ಲಿದೆ ಅಂತ ಎಲ್ಲರನ್ನೂ ಕೇಳುತ್ತೇನೆ. ನಿಮ್ಮನೆಯಲ್ಲಿ ಯಾರ ಹತ್ತಿರ ಇದೆ? ಏಳು ಪುಟದಲ್ಲಿ ಅದೊಂದು ಮಾತು ಬರಲೇ ಇಲ್ಲ. ಇವತ್ತೇ ಇಸಕೊಳ್ಳಿ.

ಸಹಿ ಕೇಳಿದ್ದಿರಲ್ಲ, ಕಾಕಾನ ಬಾಕಿ ತೀರುವ ತನಕ ಯಾವ ಕಾಗದಕ್ಕೂ ಬೇಡ. ತೀರಿದ ಮೇಲೂ ಮನೆ ಪತ್ರಕ್ಕೆ ಬೇಡ. ಇದರಿಂದ ಮನೆ ಒಡೆಯುವುದಿಲ್ಲ, ನಾಲ್ಕು ದಿನ ಮುಖ ಊದಿಸಿಕೊಂಡು ತಿರುಗುತ್ತಾರೆ ಅಷ್ಟೇ. ತಿರುಗಲಿ.

ಮಾಡಬೇಕಾದ್ದು ಒಂದೇ ಕೆಲಸ. ಬರುವ ಭಾನುವಾರ ಯಜಮಾನರನ್ನು ಕರೆದುಕೊಂಡು ಬೆಳಿಗ್ಗೆಯ ಬಸ್ಸಿಗೆ ಕುಂದಗೋಳದ ಕಡೆ ಹೊರಡಿ. ಲೇಬಲ್ ಪ್ರಿಂಟ್ ನಿಲ್ಲಿಸಿ ಅಡ್ವಾನ್ಸ್ ವಾಪಸ್ ಇಸಕೊಳ್ಳಿ, ಕಡಿಮೆ ಬಿದ್ದರೆ ಗಲ್ಲಾದಿಂದ ಹಾಕಿ. ಪೂರ್ತಿ 86 ಸಾವಿರ ಯಜಮಾನರ ಕೈಯಿಂದಲೇ ಕೊಡಿಸಿ. ಮುಂದಿನ ಸುಗ್ಗಿಗೆ ಎಷ್ಟು ಎಕರೆ, ಯಾವ ರೇಟು, ಕಾಯಿ ಬಂದ ಎಷ್ಟು ದಿನಕ್ಕೆ ದುಡ್ಡು ಅಂತ ಅಲ್ಲೇ ಕೂತು ಎರಡು ಹಾಳೆಯಲ್ಲಿ ಬರೆಯಿರಿ. ಒಂದು ಹಾಳೆ ಕಾಕಾನ ಹತ್ತಿರ ಇರಲಿ. ಅದಕ್ಕೆ ಬೇಕಾದರೆ ಧಾರಾಳವಾಗಿ ಸಹಿ ಹಾಕಿ.