ಓಪನಿಂಗ್ ಉರು ಹೊಡೆದು ಆರೇ ನಡೆಗೆ ಸೋತವನ ಉತ್ತರ

ಚೆಸ್ ಟೂರ್ನಿಗೆ ಎರಡು ವಾರ ಇದೆ, ಕಪ್ಪು ಕಾಯಿ ಬಂದರೆ ಯಾವ ಓಪನಿಂಗ್, ಅಂದರೆ ಆಟದ ಶುರುವಿನ ಸಿದ್ಧ ನಡೆಗಳನ್ನು ಬಾಯಿಪಾಠ ಮಾಡಲಿ ಅಂತ ಕೇಳಿದ್ದೀರಿ. ಯಾವುದೂ ಬೇಡ. ನಾನು ಮಾಡಿ ಕೆಟ್ಟವನು.

ಮಂಡ್ಯದಿಂದ ಬೆಳಗಿನ ರೈಲು ಹತ್ತಿ ಮೈಸೂರಿಗೆ ಹೋಗಿದ್ದೆ. ಸರಸ್ವತಿಪುರಂನಲ್ಲಿ ಆಟ, ಒಬ್ಬರಿಗೆ 25 ನಿಮಿಷ. ತಿಂಗಳಿಡೀ ಕಾರೋ-ಕಾನ್ ಉರು ಹೊಡೆದಿದ್ದೆ. 1886ರಲ್ಲಿ ಕಾರೋ, ಕಾನ್ ಅನ್ನೋ ಇಬ್ಬರು ಬರೆದು ಪ್ರಕಟಿಸಿದ್ದು, ಗಟ್ಟಿ ಓಪನಿಂಗ್ ಅಂತ ಹೆಸರು. ಶ್ರೀರಂಗಪಟ್ಟಣ ದಾಟುವವರೆಗೂ ಬೆರಳು ಮಡಚಿ ನಡೆ ಎಣಿಸುತ್ತಿದ್ದೆ.

ಎದುರಿಗೆ ಸ್ವೆಟರ್ ಹಾಕಿದ ಯಜಮಾನರು. ನಾಲ್ಕು ನಡೆ ಪುಸ್ತಕದ ಪ್ರಕಾರವೇ ಆಯಿತು. ಐದನೆಯದಕ್ಕೆ ಅವರು ರಾಣಿಯನ್ನು ಇ2 ಅನ್ನೋ ಮನೆಗೆ ಇಟ್ಟರು. ತಮ್ಮದೇ ಬಿಷಪ್‌ಗೆ ಅಡ್ಡ! ಪಾಪ, ಆಟ ಬರಲ್ಲ ಅಂದುಕೊಂಡೆ. ನನ್ನ ಪಾಠದಲ್ಲಿ ಇದ್ದ ಹಾಗೆ ಜಿ8ರ ಕುದುರೆಯನ್ನು ಎಫ್6ಗೆ ತಂದೆ. ಅವರು ಇ4ರ ಕುದುರೆ ಎತ್ತಿ ಡಿ6ರಲ್ಲಿ ಇಟ್ಟು ನನ್ನ ರಾಜನಿಗೆ ಚೆಕ್ ಕೊಟ್ಟು, ಗಡಿಯಾರ ಒತ್ತಿ, ಫ್ಲಾಸ್ಕ್ ಮುಚ್ಚಳ ತಿರುಗಿಸತೊಡಗಿದರು.

ಇ7ರ ಕಾಲಾಳಿನಿಂದ, ಅಂದರೆ ಪಾನ್‌ನಿಂದ ಹೊಡೆಯೋಣ ಅಂತ ಕೈ ಚಾಚಿದೆ. ಆಗಲ್ಲ! ಅದು ಕದಲಿದರೆ ಇ2ರ ರಾಣಿಯಿಂದ ನೇರ ನನ್ನ ರಾಜನಿಗೇ ಚೆಕ್. ನನ್ನ ರಾಣಿಯಿಂದ ಹೊಡೆಯೋಣ ಅಂದರೆ ನಡುವೆ ಡಿ7ರಲ್ಲಿ ನನ್ನದೇ ಇನ್ನೊಂದು ಕುದುರೆ. ಬಿಷಪ್‌ಗೆ ಅದೇ ದರಿದ್ರ ಪಾನ್ ಅಡ್ಡ. ರಾಜನ ಸುತ್ತ ಐದೂ ಮನೆಯಲ್ಲಿ ನನ್ನ ಕಾಯಿಗಳೇ. "ನಿಧಾನವಾಗಿ ನೋಡಪ್ಪ" ಅಂದರು. ನೋಡೋದೇನು, ಮೇಟ್. ರಾಜನಿಗೆ ಪಾರಾಗೋ ದಾರಿಯೇ ಇಲ್ಲ, ಆಟ ಮುಗೀತು.

ಎಡವಿದ್ದು ಎಲ್ಲಿ ಗೊತ್ತಾ? ಎಫ್6ಗೆ ಡಿ7ರ ಕುದುರೆಯನ್ನು ತಂದಿದ್ದರೆ ರಾಣಿಗೆ ದಾರಿ ಬಿಡುತ್ತಿತ್ತು, ಡಿ6ಕ್ಕೆ ಬಂದರೆ ಅವರ ಕುದುರೆ ಪುಕ್ಕಟೆ ಸಿಗುತ್ತಿತ್ತು. ಮನೆ ಅದೇ, ಬರಬೇಕಾದ ಕುದುರೆ ಬೇರೆ. 1950ರಲ್ಲಿ ಹೆಸರಾಂತ ಆಟಗಾರ ಪಾಲ್ ಕೆರೆಸ್ ಕೂಡ ಅರ್ಲಮೊವ್ಸ್ಕಿ ಅನ್ನೋರನ್ನು ಇದೇ ಆರು ನಡೆಯಲ್ಲಿ ಮುಗಿಸಿದ್ದರು ಅಂತ ಆಮೇಲೆ ಓದಿದೆ, ಸ್ವಲ್ಪ ಸಮಾಧಾನ ಆಯಿತು.

ಓಪನಿಂಗ್ ತಪ್ಪಲ್ಲ, ಇವತ್ತಿಗೂ ನಾನು ಆಡೋದು ಕಾರೋ-ಕಾನೇ. ಯೋಚಿಸದೆ ಕೈ ಹಾಕಿದ್ದು ತಪ್ಪು. ಸಿಸಿಲಿಯನ್ ಓಪನಿಂಗಾ ಇನ್ನೊಂದಾ ಅಂತ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ, ನಮ್ಮ ಮಟ್ಟದಲ್ಲಿ ಎಂಟನೇ ನಡೆಯ ಹೊತ್ತಿಗೆ ಇಬ್ಬರೂ ಪುಸ್ತಕ ಬಿಟ್ಟಿರುತ್ತೀವಿ. ದಿನಾ ಹತ್ತು ಮೇಟ್ ಪಜಲ್ ಬಿಡಿಸಿ. ಎದುರಿನವರ ನಡೆ ಪೆದ್ದುಪೆದ್ದಾಗಿ ಕಂಡ ತಕ್ಷಣ ಎರಡೂ ಕೈ ತೊಡೆ ಕೆಳಗೆ ಇಟ್ಟುಕೊಂಡು ಒಂದು ನಿಮಿಷ ಕೂತಿರಿ.

ಮತ್ತೆ, ಜೊತೆಗೆ ಏನಾದ್ರೂ ತಿಂಡಿ ಒಯ್ಯಿರಿ. ಆರು ನಡೆಗೆ ಸೋತರೆ ಮುಂದಿನ ಸುತ್ತಿಗೆ ತುಂಬಾ ಹೊತ್ತು ಕಾಯಬೇಕು.