ಮೊದಲ ಬೇಟೆ ರೈಫಲ್: ಟಿಕ್ಕಾ, ರೂಗರ್, ಸ್ಯಾವೇಜ್, ಹಳೇ ರೆಮಿಂಗ್ಟನ್ - ಯಾವುದನ್ನು ನಂಬಬಹುದು?

ನಿಮ್ಮ ಪ್ರಶ್ನೆ ಇಷ್ಟು: ಕೆಲಸದ ಮೇಲೆ ಅಮೆರಿಕದ ವಿಸ್ಕಾನ್ಸಿನ್‌ಗೆ ಬಂದಿದ್ದೀರಿ, ಈ ನವೆಂಬರಿಗೆ ಆಫೀಸಿನ ಗೆಳೆಯರ ಜೊತೆ ಜಿಂಕೆ ಬೇಟೆಗೆ ಹೋಗುವ ಆಸೆ. ನಾಲ್ಕು ರೈಫಲ್ ನೋಡಿಟ್ಟಿದ್ದೀರಿ. ಅಂಗಡಿಯಲ್ಲಿ ಟಿಕ್ಕಾ ಟಿ3ಎಕ್ಸ್, ರೂಗರ್ ಅಮೆರಿಕನ್, ಸ್ಯಾವೇಜ್ 110. ಜೊತೆಗೆ ಗೆಳೆಯರೊಬ್ಬರು ಮಾರುತ್ತಿರುವ ಹಳೇ ರೆಮಿಂಗ್ಟನ್ 700. ನಾಲ್ಕೂ .308 ಅಳತೆಯ ತೋಟೆಯವು. ನಾಲ್ಕಕ್ಕೂ "ಒಂದು ಎಂಒಎ ಹೊಡೆಯುತ್ತೆ" ಅಂತಲೇ ಹೇಳುತ್ತಾರೆ (ಎಂಒಎ ಅಂದರೆ ನಿಖರತೆಯ ಅಳತೆ, ಲೆಕ್ಕ ಕೆಳಗಿದೆ). ಹಾಗಾದರೆ ಬೆಲೆಯಲ್ಲಿ ಇಷ್ಟೊಂದು ವ್ಯತ್ಯಾಸ ಯಾಕೆ, ಯಾವುದು ಹೆಚ್ಚು ನಿಖರ, ಯಾವುದು ಕೈಕೊಡಲ್ಲ?

ನಿಖರತೆ ನೋಡಿ ಈ ನಾಲ್ಕರಲ್ಲಿ ಒಂದನ್ನು ಆರಿಸಲು ಕೂತರೆ ಸುಮ್ನೆ ಸಮಯ ದಂಡ. ಟ್ರಿಗರ್, ಸೇಫ್ಟಿ (ಗುಂಡು ಹಾರದಂತೆ ತಡೆಯುವ ಕೀಲಿ), ತೋಟೆ ಒಳಗೆ ಹೋಗಿ ಹೊರಗೆ ಬರುವ ರೀತಿ, ಇವನ್ನು ನೋಡಿ ತಗೊಳ್ಳಿ. ನನ್ನ ಓಟು ಟಿಕ್ಕಾಗೆ. ದುಡ್ಡು ಬಿಗಿಯಾಗಿದ್ದರೆ ರೂಗರ್.

ನಾನು ಕೊಡಗಿನವನು, ಕೋವಿ ನೋಡುತ್ತಲೇ ಬೆಳೆದವನು. ಆದರೆ ಊರಿನಲ್ಲಿ ಕೋವಿ ಅಂದರೆ ಕೈಲ್‌ಪೊಳ್ದ್ ದಿನ ಪೂಜೆ, ಆಮೇಲೆ ಮರದ ತುದಿಯ ತೆಂಗಿನಕಾಯಿಗೆ ಈಡು. 1972ರ ವನ್ಯಜೀವಿ ಕಾಯ್ದೆ ಬಂದಮೇಲೆ ಶಿಕಾರಿಯ ಕತೆಗಳೆಲ್ಲ ಅಜ್ಜಂದಿರ ಕಾಲದವು. ಸ್ಕೋಪ್ ಹಾಕಿದ ಬೇಟೆ ರೈಫಲ್ ನನ್ನ ಕೈಗೆ ಬಂದದ್ದು ಇಲ್ಲಿಗೆ ಬಂದಮೇಲೆಯೇ.

ಮೊದಲು ಈ ಎಂಒಎ ಲೆಕ್ಕ ನೋಡೋಣ. ಒಂದು ಡಿಗ್ರಿಯನ್ನು 60 ಪಾಲು ಮಾಡಿದರೆ ಒಂದು ಪಾಲು ಒಂದು ಎಂಒಎ. 100 ಗಜ ದೂರದಲ್ಲಿ ಅದು 1.047 ಇಂಚು. ರೇಂಜಿನಲ್ಲಿ ಎಲ್ಲರೂ ಒಂದಿಂಚು ಅಂತಲೇ ಹಿಡಿಯುತ್ತಾರೆ. 200 ಗಜಕ್ಕೆ ಎರಡಿಂಚು. ಕಾಗದದ ಮೇಲೆ ಬಿದ್ದ ತೂತುಗಳಲ್ಲಿ ಅತಿ ದೂರದ ಎರಡರ ನಡುವಿನ ಅಳತೆಯೇ ಗ್ರೂಪ್.

ಎಷ್ಟು ಗುಂಡಿನ ಗ್ರೂಪ್ ಅನ್ನೋದನ್ನು ಮಾತ್ರ ಯಾರೂ ಜೋರಾಗಿ ಹೇಳಲ್ಲ. ಟಿಕ್ಕಾ ಕಂಪನಿ ಕೊಡುವ ಒಂದು ಎಂಒಎ ಭರವಸೆ ಮೂರು ಗುಂಡಿನದ್ದು. ಜಪಾನಿನ ಹೋವಾ ಕಂಪನಿ ತಯಾರಿಸಿಕೊಡುವ ವೆದರ್‌ಬಿ ವ್ಯಾನ್‌ಗಾರ್ಡ್‌ಗೆ 0.99 ಇಂಚು ಅಂತ ಬರೆದೇ ಕೊಡುತ್ತಾರೆ. ಅದೂ ಮೂರೇ ಗುಂಡು, ಅದೂ ಒಳ್ಳೇ ದರ್ಜೆಯ ತೋಟೆ ಹಾಕಿದರೆ. ಮೂರು ಗುಂಡು ಒಂದೇ ಕಡೆ ಬೀಳುವುದರಲ್ಲಿ ಅದೃಷ್ಟದ ಪಾಲು ಜಾಸ್ತಿ. ಸರಾಸರಿ ಲೆಕ್ಕ ಹೇಳುತ್ತೇನೆ. ಮೂರು ಗುಂಡಿಗೆ ಒಂದಿಂಚು ಹೊಡೆಯುವ ರೈಫಲ್ ಐದು ಗುಂಡಿಗೆ ಒಂದೂಕಾಲು ಇಂಚು, ಹತ್ತು ಗುಂಡಿಗೆ ಒಂದೂವರೆಗಿಂತ ತುಸು ಹೆಚ್ಚು ಹರಡುತ್ತದೆ. ರೈಫಲ್ ಅದೇ, ತೋಟೆ ಅದೇ, ಹೊಡೆಯುವವರೂ ಅವರೇ. ಜನ ಫೋಟೋ ಹಾಕುವುದು ಮೂರು ಗುಂಡಿನ ಅತಿ ಚಿಕ್ಕ ಗ್ರೂಪಿನದ್ದು. ಅದಕ್ಕೇ ನಾಲ್ಕು ರೈಫಲ್‌ಗಳೂ "ಒಂದು ಎಂಒಎ".

ಸರಿಯಾಗಿ ಹೋಲಿಸಬೇಕಾದರೆ ಒಂದೇ ಪೆಟ್ಟಿಗೆಯ ತೋಟೆ ತಗೊಂಡು, ಒಂದೇ ಕಾಗದಕ್ಕೆ ಹತ್ತು ಗುಂಡು ಹಾಕಿ. ಒಂದೇ ಸಮನೆ ಬೇಡ. ಎರಡು ಮೂರು ಹಾರಿಸಿ, ಬೋಲ್ಟ್ (ತೋಟೆಯನ್ನು ಒಳಗೆ ತಳ್ಳಿ ಮುಚ್ಚುವ, ಹಿಡಿಯಿರುವ ಸರಳು) ತೆರೆದಿಟ್ಟು ಬ್ಯಾರೆಲ್ ತಣ್ಣಗಾಗಲು ಬಿಡಿ. ಬೇಟೆ ರೈಫಲಿನ ಬ್ಯಾರೆಲ್ ಹೊತ್ತು ನಡೆಯಲು ಹಗುರ ಇರಲಿ ಅಂತ ತೆಳ್ಳಗಿರುತ್ತದೆ. ಬಿಸಿಯಾದರೆ ಗುಂಡುಗಳು ಒಂದೇ ದಿಕ್ಕಿಗೆ ಸರಿಯುತ್ತಾ ಹೋಗುತ್ತವೆ. ಅದನ್ನು ನೋಡಿ "ಈ ರೈಫಲ್ ಸರಿಯಿಲ್ಲ" ಅನ್ನುವವರು ಬಹಳ. ಕಾಡಿನಲ್ಲಿ ನೀವು ಹಾರಿಸುವುದು ತಣ್ಣನೆ ಬ್ಯಾರೆಲಿನ ಒಂದು ಈಡು, ಹೆಚ್ಚೆಂದರೆ ಎರಡು. ನಾನಂತೂ ಹಿಂದಿನ ರಾತ್ರಿಯಿಂದ ಮುಟ್ಟದ ರೈಫಲಿನ ಮೊದಲ ಗುಂಡು ಎಲ್ಲಿ ಬೀಳುತ್ತದೆ ಅಂತ ಬೇರೆ ಕಾಗದದಲ್ಲಿ ಗುರುತು ಇಟ್ಟುಕೊಳ್ಳುತ್ತೇನೆ. ಬೇಟೆಗೆ ನನಗೆ ಬೇಕಾದ ಅಳತೆ ಅದೊಂದೇ.

ಇನ್ನು ಎಷ್ಟು ನಿಖರತೆ ಸಾಕು? ಇಲ್ಲಿನ ಬಿಳಿಬಾಲದ ಜಿಂಕೆಗೆ ಎದೆಗೂಡಿನ ಗುರಿ ಸುಮಾರು ಎಂಟಿಂಚು ಅಗಲ. 200 ಗಜದಲ್ಲಿ ಒಂದು ಎಂಒಎ ರೈಫಲ್ ಎರಡಿಂಚಿನ ವೃತ್ತದೊಳಗೆ ಹೊಡೆಯುತ್ತದೆ, ಒಂದೂವರೆ ಎಂಒಎ ರೈಫಲ್ ಮೂರಿಂಚಿನ ವೃತ್ತದೊಳಗೆ. ಅಂದರೆ ಎರಡಕ್ಕೂ ಇರುವ ವ್ಯತ್ಯಾಸ ನಡುಬಿಂದುವಿನಿಂದ ಅರ್ಧ ಇಂಚು ಮಾತ್ರ. ಅದೇ ಮರಕ್ಕೆ ಒರಗಿ, ದಪ್ಪ ಕೈಗವಸು ಹಾಕಿ, ಎದೆ ಡವಗುಟ್ಟುವಾಗ ನಿಮ್ಮ ಕೈಯೇ ಅದರ ಹತ್ತು ಪಟ್ಟು ಅಲ್ಲಾಡುತ್ತದೆ. ವಿಸ್ಕಾನ್ಸಿನ್ ಕಾಡಿನಲ್ಲಿ 200 ಗಜ ತೆರವು ಜಾಗ ಸಿಗುವುದೂ ಅಪರೂಪ ಅಲ್ವಾ?

ಅಗ್ಗದ ರೈಫಲ್‌ಗಳೂ ಇಷ್ಟು ಚೆನ್ನಾಗಿ ಹೊಡೆಯುವುದಕ್ಕೆ ಕಾರಣ ಕಾರ್ಖಾನೆಯ ಕೆಲಸ. ಸ್ಯಾವೇಜ್ 110 ಬಂದದ್ದು 1958ರಲ್ಲಿ. ಬ್ಯಾರೆಲ್ ಆಕ್ಷನ್‌ಗೆ (ಬೋಲ್ಟ್ ಕೂರುವ ಲೋಹದ ಭಾಗ) ಸೇರುವ ಕಡೆ ಒಂದು ದಪ್ಪ ನಟ್ ಕಾಣುತ್ತದಲ್ಲ, ಗುಟ್ಟು ಅಲ್ಲಿದೆ. ತೋಟೆ ಕೂರುವ ಚೇಂಬರಿನಲ್ಲಿ ಅಳತೆಗಟ್ಟಿ ಇಟ್ಟು, ಬೋಲ್ಟ್ ಮುಚ್ಚಿ, ಬ್ಯಾರೆಲನ್ನು ತಾಗುವವರೆಗೂ ತಿರುಗಿಸಿ, ನಟ್ ಬಿಗಿದರೆ ಮುಗಿಯಿತು. ನುರಿತ ಕುಶಲಕರ್ಮಿ ಉಜ್ಜಿ ಉಜ್ಜಿ ಕೂರಿಸಬೇಕಾದ ಅಳತೆ ನಿಮಿಷಗಳಲ್ಲಿ ಕೂರುತ್ತದೆ. ನೋಡಲು ಚೆನ್ನಾಗಿಲ್ಲ, ಒಪ್ಪುತ್ತೇನೆ. ಆದರೆ ಈಗ ರೂಗರ್ ಅಮೆರಿಕನ್‌ನಲ್ಲೂ ಅದೇ ನಟ್ ಇದೆ. ಬ್ಯಾರೆಲ್ ಮಾಡುವ ರೀತಿಯೂ ಹಾಗೆಯೇ. ಟಿಕ್ಕಾ, ರೂಗರ್ ಎರಡರಲ್ಲೂ ಗುಂಡನ್ನು ತಿರುಗಿಸುವ ಗೀರುಗಳ ಪಡಿಯಚ್ಚಿರುವ ಗಟ್ಟಿ ಸಲಾಕೆಯನ್ನು ಕೊಳವೆಯೊಳಗೆ ಇಟ್ಟು ಹೊರಗಿನಿಂದ ಯಂತ್ರದ ಸುತ್ತಿಗೆಗಳು ಬಡಿಯುತ್ತವೆ. ಒಳಗಿನ ಗೀರು ಹಾಗೇ ಮೂಡುತ್ತದೆ. ಒಂದು ಮಾಡಿದರೂ ಸಾವಿರ ಮಾಡಿದರೂ ಅಳತೆ ಅದೇ.

ಹಾಗಾಗಿ ಬೆಲೆಯ ವ್ಯತ್ಯಾಸ ಗೊತ್ತಾಗುವುದು ಬೋಲ್ಟ್ ಎಳೆದಾಗ. ಅಂಗಡಿಯಲ್ಲಿ ಟಿಕ್ಕಾ ಮತ್ತು ರೂಗರ್ ಎರಡನ್ನೂ ಪಕ್ಕಪಕ್ಕ ಇಟ್ಟು, ಖಾಲಿ ಇರುವುದನ್ನು ಖಾತ್ರಿ ಮಾಡಿಕೊಂಡು, ಬೋಲ್ಟ್ ಹಿಂದೆ ಮುಂದೆ ಮಾಡಿ ನೋಡಿ. ಟಿಕ್ಕಾದ್ದು ಎಣ್ಣೆ ಹಾಕಿದ ಡ್ರಾಯರಿನ ಹಾಗೆ ಜಾರುತ್ತದೆ, ಒಂದು ಬೆರಳು ಸಾಕು. ರೂಗರ್‌ನದ್ದು ಸ್ವಲ್ಪ ಕರಕರ ಅನ್ನುತ್ತದೆ, ಹಿಂದಕ್ಕೆ ಪೂರ್ತಿ ಎಳೆದಾಗ ಆಚೀಚೆ ಅಲ್ಲಾಡುತ್ತದೆ. ಸ್ಯಾವೇಜ್‌ನಲ್ಲಿ ಬೋಲ್ಟ್ ಮೇಲೆತ್ತುವುದೇ ಬಿಗಿ. ಇದರಿಂದ ಗುರಿ ತಪ್ಪಲ್ಲ, ಆದರೆ ಅವಸರದಲ್ಲಿ ಎರಡನೇ ತೋಟೆ ತುಂಬುವಾಗ ಗೊತ್ತಾಗುತ್ತದೆ.

ಅಂಗಡಿಯವರ ಹತ್ತಿರ ಡಮ್ಮಿ (ಮದ್ದಿಲ್ಲದ) ತೋಟೆ ಕೇಳಿ. ಇಲ್ಲದಿದ್ದರೆ ಡಮ್ಮಿಯದೇ ಒಂದು ಪ್ಯಾಕೆಟ್ ಕೊಂಡರೂ ನಷ್ಟವಿಲ್ಲ. ನಿಜವಾದ ತೋಟೆಯಲ್ಲಿ ಈ ಪರೀಕ್ಷೆ ಯಾವತ್ತೂ ಬೇಡ. ಮ್ಯಾಗಜಿನ್ (ತೋಟೆಗಳನ್ನಿಡುವ ಡಬ್ಬಿ) ತುಂಬಿಸಿ, ಬೋಲ್ಟನ್ನು ಒಮ್ಮೆ ಪೂರ್ತಿ ವೇಗವಾಗಿ, ಒಮ್ಮೆ ಬಹಳ ನಿಧಾನವಾಗಿ ಎಳೆದು ತಳ್ಳಿ. ಎಷ್ಟೋ ರೈಫಲ್‌ಗಳು ವೇಗವಾಗಿ ಎಳೆದರೆ ಸರಿ, ನಿಧಾನಕ್ಕೆ ಎಳೆದರೆ ಖಾಲಿ ಚಿಪ್ಪನ್ನು ಆಚೆ ಎಸೆಯದೆ ಅಲ್ಲೇ ಬೀಳಿಸುತ್ತವೆ. ಜಿಂಕೆಗೆ ಸದ್ದಾಗಬಾರದು ಅಂತ ನೀವು ಎಳೆಯುವುದು ನಿಧಾನಕ್ಕೇ. ಮ್ಯಾಗಜಿನ್ನಿನ ಕೊನೆಯ ತೋಟೆ ವಾಲಿ ಸಿಕ್ಕಿಕೊಳ್ಳುತ್ತದಾ ನೋಡಿ. ಕೆಳಗಿನಿಂದ ಅಂಗೈಯಲ್ಲಿ ಒತ್ತಿದಾಗ ಮ್ಯಾಗಜಿನ್ ಕಳಚಿಕೊಳ್ಳುತ್ತದಾ ನೋಡಿ. ಟಿಕ್ಕಾದ ಮ್ಯಾಗಜಿನ್ ಪ್ಲಾಸ್ಟಿಕ್ಕೇ ಆದರೂ ತೋಟೆಗಳು ಒಂದರ ಮೇಲೊಂದು ನೇರ ಕೂರುತ್ತವೆ, ಅದಕ್ಕೇ ಮೇಲೆ ಬರುವಾಗ ತಕರಾರಿಲ್ಲ. ಇನ್ನೊಂದು ಮ್ಯಾಗಜಿನ್ ಕೊಳ್ಳಲು ಹೋದರೆ ಮಾತ್ರ ಬೆಲೆ ನೋಡಿ ಕಣ್ಣು ಕತ್ತಲೆ ಬರುತ್ತದೆ.

ಈಗ ಹಳೇ ರೆಮಿಂಗ್ಟನ್ 700. 1962ರಲ್ಲಿ ಬಂದ ಇದರಷ್ಟು ಹೆಸರು ಮಾಡಿದ ಬೋಲ್ಟ್ ರೈಫಲ್ ಅಮೆರಿಕದಲ್ಲಿ ಕಡಿಮೆ. ಚೆನ್ನಾಗಿಯೂ ಹೊಡೆಯುತ್ತದೆ. ತಕರಾರು ಇರುವುದು ಟ್ರಿಗರಿನಲ್ಲಿ. 2006ರವರೆಗೆ ಬಂದ ವಾಕರ್ ಟ್ರಿಗರಿನ ಮುಂಭಾಗದಲ್ಲಿ ಕನೆಕ್ಟರ್ ಅನ್ನುವ ಬಿಡಿ ತುಂಡೊಂದಿದೆ. ಪ್ರತಿ ಈಡಿಗೂ ಅದು ಟ್ರಿಗರಿನಿಂದ ಸ್ವಲ್ಪ ದೂರ ಸರಿದು ವಾಪಸ್ ಬರಬೇಕು. ನಡುವೆ ಕೊಳೆಯೋ ಗಟ್ಟಿಯಾದ ಎಣ್ಣೆಯೋ ಸೇರಿಕೊಂಡರೆ ಪೂರ್ತಿ ವಾಪಸ್ ಬರಲ್ಲ. ಆಗ ಸೇಫ್ಟಿ ತೆಗೆದ ಮಾತ್ರಕ್ಕೆ, ಟ್ರಿಗರ್ ಮುಟ್ಟದೆಯೇ ಗುಂಡು ಹಾರಿಬಿಡಬಹುದು ಅನ್ನುವುದು ದೂರು. ಜನ ಗಾಯಗೊಂಡು, ಸತ್ತು, ಕೇಸುಗಳು ವರ್ಷಗಟ್ಟಲೆ ನಡೆದವು. ಕಂಪನಿ ದೋಷವನ್ನು ಒಪ್ಪಲಿಲ್ಲ, ಆದರೆ ರಾಜಿಯಾಗಿ ಟ್ರಿಗರ್ ಬದಲಿಸಿಕೊಡಲು ಒಪ್ಪಿತು. ಆ ಅರ್ಜಿಯ ಗಡುವು ಮುಗಿದಿದೆ. 1982ಕ್ಕೆ ಮುಂಚಿನವುಗಳಲ್ಲಿ ಇನ್ನೊಂದು ಕಿರಿಕಿರಿ: ಸೇಫ್ಟಿ ಹಾಕಿದರೆ ಬೋಲ್ಟೇ ತೆರೆಯಲ್ಲ. ತೋಟೆ ತೆಗೆಯಬೇಕಾದರೂ ಸೇಫ್ಟಿ ಬಿಡಬೇಕು. ಎರಡೂ ಒಂದೇ ರೈಫಲಿನಲ್ಲಿ ಸೇರಿದರೆ ಏನಾಗುತ್ತದೆ ಯೋಚಿಸಿ. 2006ರ ನಂತರದ ಎಕ್ಸ್-ಮಾರ್ಕ್ ಪ್ರೊ ಟ್ರಿಗರ್ ಕೂಡ 2014ರಲ್ಲಿ ವಾಪಸ್ ಕರೆಸಿಕೊಂಡದ್ದೇ. ಅದರ ಕಾರಣ ಬೇರೆ, ಜೋಡಿಸುವಾಗ ಅಂಟು ಜಾಸ್ತಿ ಬಿದ್ದಿತ್ತು.

ಹಾಗಂತ ಬಿಟ್ಟುಬಿಡಿ ಅನ್ನುತ್ತಿಲ್ಲ. ಬೆಲೆ ಕಡಿಮೆ ಮಾಡಿಸಿ, ಬೇರೆ ಕಂಪನಿಯ ಹೊಸ ಟ್ರಿಗರನ್ನು ಗನ್‌ಸ್ಮಿತ್ ಕೈಯಲ್ಲಿ ಹಾಕಿಸಿದರೆ ಒಳ್ಳೇ ರೈಫಲ್. ಹಾಕಿಸುವವರೆಗೆ ಅದಕ್ಕೆ ಒಂದು ತೋಟೆಯನ್ನೂ ತುಂಬಬೇಡಿ. ಆ ಖರ್ಚು ಸೇರಿಸಿದಾಗ ಹೊಸ ರೂಗರ್ ಹತ್ತಿರ ಬಂದುಬಿಡುತ್ತದೆ, ಅದನ್ನೂ ಲೆಕ್ಕ ಹಾಕಿ.

ಟಿಕ್ಕಾ ನನ್ನ ಆಯ್ಕೆ ಅಂತ ಅದರ ಚರಿತ್ರೆ ಮುಚ್ಚಿಡಲ್ಲ. ಫಿನ್ಲೆಂಡಿನ ಸಾಕೊ ಕಾರ್ಖಾನೆಯ ಸ್ಟೇನ್‌ಲೆಸ್ ಬ್ಯಾರೆಲ್‌ಗಳು ಕೆಲವು ಒಡೆದು, 2004ರಲ್ಲಿ ಟಿಕ್ಕಾ ಟಿ3 ಮತ್ತು ಸಾಕೊ 75 ರೈಫಲ್‌ಗಳನ್ನು ವಾಪಸ್ ಕರೆಸಿಕೊಂಡಿದ್ದರು. ನೀವು ನೋಡಿದ ಟಿ3ಎಕ್ಸ್ 2016ರಿಂದ ಬಂದದ್ದು, ಆ ತಂಟೆ ಅದಕ್ಕಿಲ್ಲ. ಹಳೇ ಸ್ಟೇನ್‌ಲೆಸ್ ಟಿ3 ಅಗ್ಗಕ್ಕೆ ಸಿಕ್ಕರೆ ಮಾತ್ರ ಮೊದಲು ಸೀರಿಯಲ್ ನಂಬರ್ ವಿಚಾರಿಸಿ.

ಚಳಿಯ ವಿಷಯ ಅಂಗಡಿಯಲ್ಲಿ ಯಾರೂ ಹೇಳಲ್ಲ. ನನ್ನ ಜೊತೆ ಬರುವ ಗೆಳೆಯನದ್ದು ಹೊಚ್ಚ ಹೊಸ ರೈಫಲ್, ಕಂಪನಿಯ ಹೆಸರು ಬೇಡ. ಬೆಳಗಿನ ಜಾವ, ಮೂಗಿನ ಕೂದಲು ಹೆಪ್ಪುಗಟ್ಟುವ ಚಳಿ. ಜಿಂಕೆ ಎದುರಿಗೇ ಬಂತು. ಟ್ರಿಗರ್ ಒತ್ತಿದರೆ ಮೆತ್ತಗೆ "ಟಕ್" ಅಂದಿತು, ಅಷ್ಟೇ. ಆಮೇಲೆ ನೋಡಿದರೆ ತೋಟೆಯ ಹಿಂದೆ ಫೈರಿಂಗ್ ಪಿನ್ ಚುಚ್ಚಿದ ಗುರುತು ಸೊಳ್ಳೆ ಕಚ್ಚಿದಷ್ಟೂ ಇಲ್ಲ. ಬೋಲ್ಟಿನೊಳಗೆ ಕಾರ್ಖಾನೆಯವರು ತುಕ್ಕು ಹಿಡಿಯದಿರಲಿ ಅಂತ ತುಂಬಿದ ಗ್ರೀಸ್ ಮೇಣದ ಹಾಗೆ ಗಟ್ಟಿಯಾಗಿತ್ತು. ಹಾಗಾಗಿ ಯಾವುದನ್ನೇ ಕೊಂಡರೂ ಬೋಲ್ಟ್ ಬಿಚ್ಚಿ, ಒಳಗಿನ ಗ್ರೀಸ್ ಪೂರ್ತಿ ಒರೆಸಿ, ಚಳಿಗೆ ತಡೆಯುವ ತೆಳ್ಳನೆ ಎಣ್ಣೆ ಒಂದು ಪದರ ಸವರಿ. ಟಿಕ್ಕಾ ಬೋಲ್ಟ್ ಬಿಚ್ಚಲು ಉಪಕರಣವೇ ಬೇಡ. ರಾತ್ರಿ ರೈಫಲನ್ನು ಬಿಸಿ ಕೋಣೆಗೆ ತರಬೇಡಿ. ಬೆವರಿ, ಬೆಳಿಗ್ಗೆ ಹೊರಗೆ ಹೋದಾಗ ಆ ನೀರು ಒಳಗೇ ಹೆಪ್ಪುಗಟ್ಟುತ್ತದೆ. ತೋಟೆ ಖಾಲಿ ಮಾಡಿ, ಚೀಲದಲ್ಲಿ ಹಾಕಿ, ಬೀಗ ಹಾಕಿದ ತಣ್ಣನೆ ಜಾಗದಲ್ಲಿಡಿ.

"ಗುರಿ ದಿನಕ್ಕೊಂದು ಕಡೆ ಹೋಗುತ್ತೆ" ಅನ್ನುವ ದೂರುಗಳಲ್ಲಿ ಬ್ಯಾರೆಲಿನ ತಪ್ಪು ಕಡಿಮೆ. ಸ್ಕೋಪ್ ರಿಂಗಿನ ಸ್ಕ್ರೂ, ಆಕ್ಷನನ್ನು ಸ್ಟಾಕಿಗೆ (ಕೈಯಲ್ಲಿ ಹಿಡಿದು ಹೆಗಲಿಗೆ ಆನಿಸುವ ಭಾಗ) ಹಿಡಿಯುವ ಎರಡು ಸ್ಕ್ರೂ, ಇವೇ ಸಡಿಲ ಇರುತ್ತವೆ. ಟಾರ್ಕ್ ಡ್ರೈವರ್ ಒಂದು ತಗೊಂಡು ಕೈಪಿಡಿ ಹೇಳಿದಷ್ಟೇ ಬಿಗಿಯಿರಿ. ಇನ್ನು ಒಂದು ನೋಟನ್ನು ಬ್ಯಾರೆಲ್ ಮತ್ತು ಸ್ಟಾಕಿನ ನಡುವೆ ತೂರಿಸಿ ಆಕ್ಷನ್‌ವರೆಗೆ ಎಳೆಯಿರಿ. ಈಗ ರೈಫಲನ್ನು ಬೇಟೆಯಲ್ಲಿ ಹಿಡಿಯುವಂತೆ ಏನಕ್ಕಾದರೂ ಆನಿಸಿ ಮತ್ತೆ ಎಳೆಯಿರಿ. ಅಗ್ಗದ ಪ್ಲಾಸ್ಟಿಕ್ ಸ್ಟಾಕ್ ಬಾಗಿ ಬ್ಯಾರೆಲಿಗೆ ತಾಗಿದರೆ ನೋಟು ಸಿಕ್ಕಿಕೊಳ್ಳುತ್ತದೆ. ರೂಗರ್ ಅಮೆರಿಕನ್ ಕೊಂಡರೆ ಇದನ್ನು ತಪ್ಪದೆ ನೋಡಿ, ಅದರ ಮುಂಭಾಗ ಮೆತ್ತಗೆ.

ಸ್ಯಾವೇಜ್ ಬಗ್ಗೆ ಜಾಸ್ತಿ ಹೇಳಲಿಲ್ಲ. ಅದರ ಆಕ್ಯುಟ್ರಿಗರ್ ಬಂದಮೇಲೆ ಬೇರೆ ಕಂಪನಿಗಳೆಲ್ಲ ತಮ್ಮ ಟ್ರಿಗರ್ ಸುಧಾರಿಸಬೇಕಾಯಿತು, ಅದು ದೊಡ್ಡ ಉಪಕಾರ. ಎಡಗೈಯವರಾದರೆ ಅದನ್ನೂ ನೋಡಿ.

ಉಳಿದ ದುಡ್ಡಿಗೆ ಎರಡು ಮೂರು ಕಂಪನಿಗಳ 150 ಅಥವಾ 165 ಗ್ರೇನ್ (ಗುಂಡಿನ ತೂಕದ ಅಳತೆ) ತೋಟೆ ಒಂದೊಂದು ಪೆಟ್ಟಿಗೆ ತನ್ನಿ. ನಿಮ್ಮ ಬ್ಯಾರೆಲಿಗೆ ಒಗ್ಗಿದ್ದು ಸಿಕ್ಕಮೇಲೆ ಅದನ್ನೇ ಜಾಸ್ತಿ ತಂದಿಟ್ಟುಕೊಳ್ಳಿ. ರೈಫಲ್ ಬದಲಿಸುವುದಕ್ಕಿಂತ ತೋಟೆ ಬದಲಿಸಿದಾಗ ಗ್ರೂಪ್ ಹೆಚ್ಚು ಬದಲಾಗುವುದನ್ನು ನೋಡುತ್ತೀರಿ.

ಕೊನೆಗೆ, ನೀವು ಕೇಳದ ಒಂದು ವಿಷಯ. ನಿಮ್ಮ ವೀಸಾ ಯಾವುದು ಅಂತ ಬರೆದಿಲ್ಲ. ಎಚ್-1ಬಿಯಂಥ ವೀಸಾದಲ್ಲಿದ್ದರೆ ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ಬಂದೂಕು ಕೊಳ್ಳುವಂತಿಲ್ಲ, ಇಟ್ಟುಕೊಳ್ಳುವಂತೆಯೂ ಇಲ್ಲ. ಅದಕ್ಕಿರುವ ವಿನಾಯಿತಿಗಳಲ್ಲಿ ನಮ್ಮಂಥವರಿಗೆ ಸಿಗುವುದು ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್. ವಿಸ್ಕಾನ್ಸಿನ್‌ನಲ್ಲಿ 1973ರ ಜನವರಿ 1ರಿಂದೀಚೆಗೆ ಹುಟ್ಟಿದವರು ಲೈಸೆನ್ಸ್‌ಗೆ ಮೊದಲು ಬೇಟೆ ಸುರಕ್ಷತೆಯ ಕೋರ್ಸ್ ಮುಗಿಸಿರಬೇಕು. ಹಾಗಾಗಿ ಮೊದಲು ಕೋರ್ಸ್, ಆಮೇಲೆ ಲೈಸೆನ್ಸ್, ಆಮೇಲೆ ಅಂಗಡಿ. ರೈಫಲ್ ಮನೆಯಲ್ಲಿರುವಷ್ಟು ದಿನವೂ ಲೈಸೆನ್ಸ್ ಚಾಲ್ತಿಯಲ್ಲೇ ಇರಬೇಕು. ಅವಧಿ ಮುಗಿಯುವ ಮೊದಲೇ ಹೊಸದು ಮಾಡಿಸಿಕೊಳ್ಳಿ, ಒಂದು ಪ್ರತಿ ರೈಫಲ್ ಪೆಟ್ಟಿಗೆಯಲ್ಲೇ ಇಟ್ಟಿರಿ. ಗ್ರೀನ್ ಕಾರ್ಡ್ ಇದ್ದರೆ ಈ ತಾಪತ್ರಯ ಇಲ್ಲ, ಕೋರ್ಸ್ ಮಾತ್ರ ತಪ್ಪಲ್ಲ.